ಲಾರೆಲ್ ಅಂದರೆ ಯಾವ ಲಾರೆಲ್? ಬೇಲಿಗೆ, ನೆರಳಿಗೆ, ಕುಂಡಕ್ಕೆ ಗಿಡ ಆರಿಸುವ ಬಗೆ

ಕಳೆದ ಚಳಿಗಾಲದಲ್ಲಿ ಚಿಕ್ಕಪ್ಪನ ಮಗಳ ಫೋನ್ ಬಂತು. ಇಲ್ಲೇ ಇಂಗ್ಲೆಂಡಿನಲ್ಲಿ ಆಗಷ್ಟೇ ಮನೆ ಕೊಂಡಿದ್ದಳು. "ಅಕ್ಕಾ, ಹಿತ್ತಿಲ ತುಂಬ ಪಲಾವ್ ಎಲೆ! ಬೇಲಿನೇ ಅದು. ಪಕ್ಕದ ಮನೆಯವರನ್ನ ಕೇಳಿದೆ, ಲಾರೆಲ್ ಅಂದ್ರು. ಒಂದು ಹಿಡಿ ಕಿತ್ಕೊಂಡು ಬಂದಿದೀನಿ."

"ಮೊದಲು ಒಲೆ ಆರಿಸು, ಆಮೇಲೆ ಮಾತಾಡು" ಅಂದೆ.

ಅವಳ ತಪ್ಪೇನೂ ಇಲ್ಲ. ಅಡುಗೆಗೆ ಹಾಕುವುದು ಬೇ ಲಾರೆಲ್. ಅವಳ ಬೇಲಿಯಲ್ಲಿದ್ದದ್ದು ಚೆರಿ ಲಾರೆಲ್, ಜಜ್ಜಿದರೆ ಸಯನೈಡ್ ಬಿಡುವ ಎಲೆ. ಎರಡಕ್ಕೂ ಹೆಸರು ಲಾರೆಲ್, ಎರಡೂ ವರ್ಷವಿಡೀ ಹಸಿರು, ಎರಡರ ಎಲೆಯೂ ದಪ್ಪ, ಹೊಳಪು. ಸಂಬಂಧ ಮಾತ್ರ ಏನೂ ಇಲ್ಲ. ಒಂದು ದಾಲ್ಚಿನ್ನಿ, ಕರ್ಪೂರ, ಬೆಣ್ಣೆಹಣ್ಣಿನ ಬಳಗದ್ದು. ಇನ್ನೊಂದು ಚೆರಿ, ಪ್ಲಮ್, ಬಾದಾಮಿಯ ಬಳಗದ್ದು.

ಲಾರೆಲ್ ಅನ್ನುವುದು ಗಿಡದ ಹೆಸರಿಗಿಂತ ಹೆಚ್ಚಾಗಿ ಅಡ್ಡಹೆಸರು. ಹಳೆಯ ಗ್ರೀಕರು, ರೋಮನ್ನರು ಗೆದ್ದವರ ತಲೆಗೆ ಸುತ್ತುತ್ತಿದ್ದದ್ದು ಬೇ ಲಾರೆಲ್ಲಿನ ಎಲೆ. 'ನೊಬೆಲ್ ಲಾರಿಯೇಟ್' ಎಂಬ ಮಾತಿನಲ್ಲಿ ಇಂದಿಗೂ ಅದೇ ಇದೆ. ಆಮೇಲೆ ಯುರೋಪಿನವರು ಹೋದಲ್ಲೆಲ್ಲ ಹೊಳೆಯುವ ದಪ್ಪ ಎಲೆ ಕಂಡರೆ ಸಾಕು, ಲಾರೆಲ್ ಅಂದುಬಿಟ್ಟರು. ನಮ್ಮ ಸುರಹೊನ್ನೆ ಅವರಿಗೆ ಅಲೆಕ್ಸಾಂಡ್ರಿಯನ್ ಲಾರೆಲ್. ಮಲೆನಾಡಿನ ಮತ್ತಿ ಮರ ನಾಟಾ ವ್ಯಾಪಾರದಲ್ಲಿ ಇಂಡಿಯನ್ ಲಾರೆಲ್. ಫ್ರೆಂಚರ ಬಾಯಲ್ಲಿ ಕಣಗಿಲೆ ಕೂಡ 'ಗುಲಾಬಿ ಲಾರೆಲ್'. ಕಣಗಿಲೆ ಎಂಥ ವಿಷ ಅಂತ ನಮ್ಮ ಕಡೆಯ ಮಕ್ಕಳಿಗೂ ಗೊತ್ತು.

ಹಾಗಾಗಿ ಗಾರ್ಡನ್ ಸೆಂಟರಿಗೆ ಹೋಗಿ "ಲಾರೆಲ್ ಕೊಡಿ" ಅಂದರೆ, ನಮ್ಮೂರ ಅಂಗಡಿಯಲ್ಲಿ "ಸೊಪ್ಪು ಕೊಡಿ" ಅಂದ ಹಾಗಾಗುತ್ತದೆ. ನಾನು ಹದಿನೈದು ವರ್ಷದಿಂದ ಈ ದೇಶದ ಜೇಡಿ ಮಣ್ಣಿನಲ್ಲಿ ಕೈಯಾಡಿಸುತ್ತಿದ್ದೇನೆ. ತೋಟಗಾರಿಕೆ ಓದಿದವಳಲ್ಲ, ಗಿಡ ಸಾಯಿಸಿ ಕಲಿತವಳು. ಬ್ರಿಟನ್ನಿನಲ್ಲೋ ಯುರೋಪಿನ ತಂಪು ಊರುಗಳಲ್ಲೋ ಹಿತ್ತಿಲು ಮಾಡಿಕೊಂಡ ಕನ್ನಡದವರಿಗೆ ಉಪಯೋಗಕ್ಕೆ ಬರಲಿ ಅಂತ ಇದನ್ನು ಬರೆದಿದ್ದೇನೆ. ಅಮೆರಿಕದವರಿಗೂ ನಡುವೆ ಒಂದೆರಡು ಮಾತಿದೆ.

1. ಇರುವ ಗಿಡ ಯಾವುದು, ಮೊದಲು ಗುರುತಿಸಿ

ಕೊಂಡ ಮನೆಯಲ್ಲಿ ಆಗಲೇ ಬೇಲಿ ಇದ್ದರೆ ಒಂದು ಎಲೆ ಕಿತ್ತು ಬೆಳಕಿಗೆ ಬನ್ನಿ.

ಚೆರಿ ಲಾರೆಲ್ ಎಲೆ ದೊಡ್ಡದು, ಸಾಮಾನ್ಯವಾಗಿ 10ರಿಂದ 20 ಸೆಂಟಿಮೀಟರ್ ಉದ್ದ. ಅಂಚಿನಲ್ಲಿ ಅಲ್ಲಲ್ಲಿ ಸಣ್ಣ ಹಲ್ಲು. ತಿರುಗಿಸಿ ನೋಡಿದರೆ ತೊಟ್ಟಿನ ಹತ್ತಿರ, ನಡುನರದ ಅಕ್ಕಪಕ್ಕ ಚುಕ್ಕಿಯಂಥ ಪುಟ್ಟ ಗ್ರಂಥಿಗಳು ಕಾಣುತ್ತವೆ. ಎಲೆ ಮುರಿದರೆ ಕಹಿ ಬಾದಾಮಿಯ ವಾಸನೆ.

ಬೇ ಲಾರೆಲ್ ಎಲೆ ಸಣ್ಣದು, 5ರಿಂದ 10 ಸೆಂಟಿಮೀಟರ್. ಅಂಚು ಅಲೆಯಲೆಯಾಗಿರುತ್ತದೆ. ಹಸಿರು ಕಡು, ಹೊಳಪು ಕಡಿಮೆ. ಮುರಿದರೆ ಮಸಾಲೆ ಡಬ್ಬಿ ತೆರೆದ ಹಾಗೆ ಘಮ. ಇದೂ ನಮ್ಮ ಪಲಾವ್ ಎಲೆಯೂ ಒಂದೇ ಅಲ್ಲ, ಗಮನಿಸಿ. ನಮ್ಮದು ದಾಲ್ಚಿನ್ನಿಯ ಹತ್ತಿರದ ನೆಂಟ. ಅದರ ಎಲೆಯಲ್ಲಿ ಬುಡದಿಂದ ತುದಿಯ ಕಡೆಗೆ ಮೂರು ನರ ಉದ್ದಕ್ಕೆ ಓಡುತ್ತವೆ. ಬೇ ಎಲೆಯಲ್ಲಿ ನಡುನರ ಒಂದೇ, ಉಳಿದವು ಪಕ್ಕಕ್ಕೆ ಕವಲೊಡೆಯುತ್ತವೆ. ರುಚಿಯೂ ಬೇರೆ: ನಮ್ಮದರಲ್ಲಿ ಚಕ್ಕೆಯ ಸಿಹಿ ಇದೆ, ಬೇ ಎಲೆಯಲ್ಲಿ ಔಷಧಿಯ ಒಗರು.

ವಾಸನೆಯೊಂದನ್ನೇ ನಂಬಬೇಡಿ. ನೆಗಡಿಯಾದಾಗ ಎಲ್ಲ ಎಲೆಯೂ ಒಂದೇ. ಎಲೆಯ ಅಳತೆ, ಅಂಚು, ಹಿಂಬದಿ ಮೂರೂ ತಾಳೆಯಾದರೆ ಮಾತ್ರ ತೀರ್ಮಾನಕ್ಕೆ ಬನ್ನಿ. ಸ್ವಲ್ಪ ಅನುಮಾನ ಉಳಿದರೂ ಅಡುಗೆಗೆ ಅಂಗಡಿಯ ಎಲೆಯೇ ಸರಿ.

ಚೆರಿ ಲಾರೆಲ್ ವಿಷ ಎಂಥದ್ದು ಅಂತ ತಿಳಿಯಲು ಮರಗೆಣಸು ನೆನೆಸಿಕೊಂಡರೆ ಸಾಕು. ಅದರ ಹಸಿ ಸೊಪ್ಪು ತಿಂದು ದನ ಸಾಯುವುದು ಇದೇ ಕಾರಣಕ್ಕೆ: ಎಲೆಯೊಳಗೆ ಸುಮ್ಮನಿದ್ದ ವಸ್ತು, ಜಜ್ಜಿದಾಗ, ಅಗಿದಾಗ ಒಡೆದು ಸಯನೈಡ್ ಬಿಡುತ್ತದೆ. ಹಿಂದೆ ಕೀಟ ಸಂಗ್ರಹಿಸುವವರು ಜಾಡಿಯ ತಳಕ್ಕೆ ಜಜ್ಜಿದ ಚೆರಿ ಲಾರೆಲ್ ಎಲೆ ಹಾಕಿ, ಅದರಲ್ಲೇ ಚಿಟ್ಟೆಗಳನ್ನು ಕೊಲ್ಲುತ್ತಿದ್ದರು. ಹಾಗಂತ ಬೇಲಿ ಕಿತ್ತು ಹಾಕುವಷ್ಟು ಹೆದರಬೇಕಿಲ್ಲ, ಪಕ್ಕದಲ್ಲಿ ನಿಂತರೆ ಏನೂ ಆಗದು. ಬಾಯಿಗೆ ಹೋಗಬಾರದು, ಅಷ್ಟೇ. ಬೇಸಿಗೆಯ ಕೊನೆಗೆ ಕೆಂಪಾಗಿ ಆಮೇಲೆ ಕಪ್ಪಾಗುವ ಹಣ್ಣು ನೇರಳೆಯಂತೆ ಕಂಡು ಮಕ್ಕಳ ಕಣ್ಣಿಗೆ ಬೀಳುತ್ತದೆ. ಬೀಜದಲ್ಲಿ ವಿಷ ಇದೆ. ತುರ್ಕಿಯ ಕಪ್ಪು ಸಮುದ್ರದ ತೀರದಲ್ಲಿ ಇದರ ಆಯ್ದ ತಳಿಗಳ ಹಣ್ಣನ್ನು ತಿನ್ನುತ್ತಾರೆ, ನಿಜ. ಅದು ಅವರು ತಲೆಮಾರುಗಳಿಂದ ಆರಿಸಿಕೊಂಡ ತಳಿ, ನಿಮ್ಮ ಬೇಲಿಯದ್ದಲ್ಲ. ಮಕ್ಕಳಿಗೆ ತೋರಿಸಿ, ಹೇಳಿ. ಹಸುಗೂಸು ಇರುವ ಮನೆಯಾದರೆ ಹೂ ಬಿಟ್ಟು ಮುಗಿದ ಕೂಡಲೇ ಸವರಿಬಿಡಿ, ಕಾಯಿ ಕಟ್ಟುವುದೇ ಕಡಿಮೆಯಾಗುತ್ತದೆ.

2. ಜಾಗವನ್ನು ನೋಡಿ, ಅಳೆಯಿರಿ

ಗಿಡ ಕೊಳ್ಳುವ ಮೊದಲು ನಾಲ್ಕು ಸಂಗತಿ ಬರೆದುಕೊಳ್ಳಿ. ಬಿಸಿಲು ಎಷ್ಟು ಹೊತ್ತು? ಮಳೆ ನಿಂತ ಮೇಲೆ ನೀರು ಎಷ್ಟು ಹೊತ್ತು ನಿಲ್ಲುತ್ತದೆ? ಮಣ್ಣು ಜೇಡಿಯೋ, ಮರಳೋ, ಸುಣ್ಣದ್ದೋ? ಬೇಲಿಗೆ ಎಷ್ಟು ಅಗಲ ಬಿಟ್ಟುಕೊಡಬಲ್ಲಿರಿ?

ಕೊನೆಯ ಪ್ರಶ್ನೆಯಲ್ಲೇ ನಾನು ಎಡವಿದ್ದು. ಮೊದಲ ಮನೆಯಲ್ಲಿ ಮರದ ಹಲಗೆಯ ಫೆನ್ಸಿನಿಂದ ಒಂದು ಗೇಣು ಬಿಟ್ಟು ಚೆರಿ ಲಾರೆಲ್ ಸಾಲು ನೆಟ್ಟೆ. ಮಡಕೆಯಲ್ಲಿ ಮೊಣಕಾಲೆತ್ತರ ಇದ್ದ ಗಿಡ, ಪಾಪ ಎಂದುಕೊಂಡೆ. ನಾಲ್ಕನೇ ವರ್ಷಕ್ಕೆ ಹಲಗೆಗಳನ್ನು ತಳ್ಳಿಕೊಂಡು ಪಕ್ಕದ ಮನೆಯ ಅಜ್ಜನ ಕಾಲುದಾರಿಗೆ ನುಗ್ಗಿತ್ತು. ಅವರು ಬಾಗಿಲು ತಟ್ಟಿ, ಇಲ್ಲಿನವರ ರೂಢಿಯಂತೆ ಮೊದಲು ಹವಾಮಾನದ ಬಗ್ಗೆ ಮಾತಾಡಿ, ಆಮೇಲೆ ಮೆಲ್ಲಗೆ ವಿಷಯ ತೆಗೆದರು. ಗಡಿಯಿಂದ ಕನಿಷ್ಠ 75 ಸೆಂಟಿಮೀಟರ್ ಒಳಗೆ ನೆಡಬೇಕಿತ್ತು. ಬೆಳೆದ ಬೇಲಿ ಸುಮಾರು ಒಂದು ಮೀಟರ್ ಅಗಲ ಕೇಳುತ್ತದೆ. ಆ ಒಂದು ಮೀಟರ್ ಕೊಡಲಾಗದಿದ್ದರೆ ಚೆರಿ ಲಾರೆಲ್ ಆಸೆ ಬಿಡಿ.

ಎತ್ತರಕ್ಕೂ ಕಾನೂನಿದೆ. ಇಂಗ್ಲೆಂಡಿನಲ್ಲಿ ಎರಡು ಮೀಟರಿಗಿಂತ ಎತ್ತರದ ನಿತ್ಯಹಸಿರು ಬೇಲಿ ಪಕ್ಕದವರ ಬೆಳಕು, ನೆಮ್ಮದಿ ಕಸಿದರೆ ಅವರು ಕೌನ್ಸಿಲ್‌ಗೆ ದೂರು ಕೊಡಬಹುದು. 2003ರ ಕಾಯ್ದೆಯೊಂದರಲ್ಲಿ ಇದಕ್ಕೆ ಅವಕಾಶವಿದೆ. ಎರಡೇ ಎರಡು ಗಿಡ ಒತ್ತಾಗಿ ನಿಂತರೂ ಅದು ಬೇಲಿಯ ಲೆಕ್ಕವೇ.

3. ಯಾವುದು ಎಲ್ಲಿಗೆ

ಚೆರಿ ಲಾರೆಲ್. ಸಸ್ಯಶಾಸ್ತ್ರದಲ್ಲಿ ಪ್ರೂನಸ್ ಲಾರೋಸೆರಾಸಸ್. ಕಪ್ಪು ಸಮುದ್ರದ ಸುತ್ತಿನ ಗಿಡ; 1576ರಲ್ಲಿ ಇಸ್ತಾಂಬುಲ್ ಕಡೆಯಿಂದ ವಿಯೆನ್ನಾದಲ್ಲಿದ್ದ ಸಸ್ಯಶಾಸ್ತ್ರಜ್ಞ ಕ್ಲೂಸಿಯಸ್ ಕೈಗೆ ಬಂದು, ಅಲ್ಲಿಂದ ಪಶ್ಚಿಮ ಯುರೋಪಿಗೆ ಹಬ್ಬಿತು. ಬೇಗ ಮರೆ ಬೇಕು ಎನ್ನುವವರು ಇದನ್ನೇ ಹಿಡಿಯುತ್ತಾರೆ. ಒಳ್ಳೆಯ ಮಣ್ಣಿನಲ್ಲಿ ವರ್ಷಕ್ಕೆ 30ರಿಂದ 60 ಸೆಂಟಿಮೀಟರ್ ಏರುತ್ತದೆ, ನೆರಳಿಗೂ ಬೇಸರಿಸುವುದಿಲ್ಲ. ತೆಳು ಸುಣ್ಣದ ಮಣ್ಣಿನಲ್ಲಿ ಮಾತ್ರ ಎಲೆ ಹಳದಿಗಟ್ಟುತ್ತದೆ, ನೀರು ನಿಂತರೆ ಬೇರು ಕೊಳೆಯುತ್ತದೆ.

ಇದರಲ್ಲೇ ತಳಿಗಳು ಹಲವು. ಎತ್ತರದ ಬೇಲಿಗೆ ಎಲ್ಲ ಕಡೆ ಸಿಗುವುದು 'ರೊಟಂಡಿಫೋಲಿಯ'. ಎಳೆಯ ಚಿಗುರು ತಾಮ್ರದ ಬಣ್ಣದಲ್ಲಿ ಬರುವುದು 'ಎಟ್ನಾ'. ನಮ್ಮ ಮಾವಿನ ಚಿಗುರು ನೆನಪಾಗುತ್ತದೆ, ಅದಕ್ಕೇ ನನಗೆ ಇದರ ಮೇಲೆ ಸ್ವಲ್ಪ ಪಕ್ಷಪಾತ. ಒಂದು ಮೀಟರ್ ದಾಟದ ಕುಳ್ಳು ಗಿಡ ಬೇಕಿದ್ದರೆ 'ಒಟ್ಟೋ ಲುಯ್ಕೆನ್': ಎತ್ತರಕ್ಕಿಂತ ಅಗಲ ಹೆಚ್ಚು, ಏಪ್ರಿಲಿನಲ್ಲಿ ಬಿಳಿ ಹೂವಿನ ಕಡ್ಡಿಗಳು ಊದುಬತ್ತಿ ಚುಚ್ಚಿಟ್ಟ ಹಾಗೆ ನೆಟ್ಟಗೆ ನಿಲ್ಲುತ್ತವೆ. ಮುಂಬಾಗಿಲ ದಾರಿಯ ಅಂಚಿಗೆ ಹೇಳಿ ಮಾಡಿಸಿದ್ದು. ಇಳಿಜಾರು ಮುಚ್ಚಬೇಕಿದ್ದರೆ ಕಿರಿದಾದ ಎಲೆಯ 'ಝಬೇಲಿಯಾನ'. ಚಳಿ ಜಾಸ್ತಿ ಇರುವ ಕಡೆಗೆ 'ಶಿಪ್ಕಾಯೆನ್ಸಿಸ್'. ಬಲ್ಗೇರಿಯದ ಶಿಪ್ಕಾ ಕಣಿವೆಯ ಹೆಸರು ಅದಕ್ಕೆ. ಅಮೆರಿಕದಲ್ಲಿ 'ಸ್ಕಿಪ್ ಲಾರೆಲ್' ಅಂತ ಮಾರುವುದು ಇದನ್ನೇ.

ಒಂದು ಎಚ್ಚರಿಕೆ. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿ, ಈ ಗಿಡ ಕಾಡಿಗೆ ನುಗ್ಗಿ ನೆಲದ ಗಿಡಗಳಿಗೆ ಬೆಳಕೇ ಸಿಗದಂತೆ ಮಾಡುತ್ತದೆ. ನಮ್ಮಲ್ಲಿ ಲಂಟಾನ ಮಾಡಿದ್ದನ್ನು ಇದು ಇಲ್ಲಿ ಮಾಡುತ್ತಿದೆ. ಸ್ವಿಟ್ಜರ್ಲೆಂಡ್ 2024ರ ಸೆಪ್ಟೆಂಬರ್ 1ರಿಂದ ಇದರ ಮಾರಾಟ, ಆಮದು ಎರಡನ್ನೂ ನಿಲ್ಲಿಸಿದೆ. ಅಮೆರಿಕದ ಸಿಯಾಟಲ್ ಕಡೆಯ ಕಾಡುಗಳಲ್ಲೂ ಇದು ಕಳೆಯೇ. ನಿಮ್ಮ ಹಿತ್ತಿಲು ಕಾಡಿಗೋ ಹಳ್ಳಕ್ಕೋ ತಾಗಿದ್ದರೆ ಇದನ್ನು ನೆಡಬೇಡಿ, ಬೇರೆ ಆಯ್ಕೆ ಬೇಕಾದಷ್ಟಿದೆ.

ಪೋರ್ಚುಗೀಸ್ ಲಾರೆಲ್. ಪ್ರೂನಸ್ ಲೂಸಿಟಾನಿಕ. ನನ್ನನ್ನು ಕೇಳಿದರೆ ಹಿತ್ತಿಲ ಬೇಲಿಗೆ ಎಲ್ಲಕ್ಕಿಂತ ಚೆಂದದ್ದು ಇದೇ. ಎಲೆ ಸಣ್ಣದು, ಕಡುಹಸಿರು, ತೊಟ್ಟು ಕೆಂಪು; ವೀಳ್ಯ ಹಾಕಿಕೊಂಡ ಬಾಯಿಯಂತೆ. ಜೂನ್ ತಿಂಗಳಲ್ಲಿ ಬಿಳಿ ಹೂ. ಸುಣ್ಣದ ಮಣ್ಣಿಗೂ ಸೈ, ಬಿಸಿಲಿಗೂ ಸೈ. ಬೆಳವಣಿಗೆ ಚೆರಿ ಲಾರೆಲ್ಲಿಗಿಂತ ನಿಧಾನ, ಹಾಗಾಗಿ ಕತ್ತರಿ ಕೆಲಸ ಕಡಿಮೆ. ಸಣ್ಣ ಎಲೆಯ 'ಮಿರ್ಟಿಫೋಲಿಯ' ತಳಿಯನ್ನು ಗೋಪುರ, ಗುಂಡು, ಯಾವ ಆಕಾರಕ್ಕೆ ಬೇಕಾದರೂ ಕತ್ತರಿಸಬಹುದು. ಇದೂ ಚೆರಿ ಬಳಗದ್ದೇ, ಇದರ ಎಲೆ, ಬೀಜವೂ ವಿಷವೇ. ಬೆಲೆ ಸ್ವಲ್ಪ ಹೆಚ್ಚು. ಎರಡು ವರ್ಷ ಕಾಯುವ ತಾಳ್ಮೆ ಇದ್ದರೆ ಸಣ್ಣ ಗಿಡವೇ ಕೊಳ್ಳಿ.

ಬೇ ಲಾರೆಲ್. ಲಾರಸ್ ನೊಬಿಲಿಸ್, ಮೆಡಿಟರೇನಿಯನ್ ಕಡೆಯದು. ಅಡುಗೆಗೆ ಬರುವ ಲಾರೆಲ್ ಈ ಪಟ್ಟಿಯಲ್ಲಿ ಇದೊಂದೇ. ಬಿಸಿಲು ಬೇಕು, ಗಾಳಿಯ ಮರೆ ಬೇಕು, ನೀರು ಬಸಿಯುವ ಮಣ್ಣು ಬೇಕು. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ, ಆದರೆ ಎಲೆಗಾಗಿ ಬೆಳೆಸುವವರಿಗೆ ಆ ಚಿಂತೆ ಇಲ್ಲ. ಇದರ ಬಗ್ಗೆ ಕೊನೆಯಲ್ಲಿ ಮತ್ತೆ ಹೇಳುತ್ತೇನೆ.

ಮಚ್ಚೆ ಲಾರೆಲ್. ಇಂಗ್ಲಿಷಿನವರು ಸ್ಪಾಟೆಡ್ ಲಾರೆಲ್ ಅನ್ನುತ್ತಾರೆ, ಸಸ್ಯನಾಮ ಅಕ್ಯೂಬ ಜಪೋನಿಕ. ಹಸಿರು ಎಲೆ ಮೇಲೆ ಅರಿಶಿನದ ನೀರು ಚಿಮುಕಿಸಿದ ಹಾಗಿರುತ್ತದೆ. ಬೆಂಗಳೂರಿನ ಹಳೆ ಮನೆಗಳ ಕಾಂಪೌಂಡಿನಲ್ಲಿ ಕ್ರೋಟನ್ ನೋಡಿದವರಿಗೆ ಕಂಡ ಕೂಡಲೇ ಪರಿಚಯದ ನಗೆ ಬರುತ್ತದೆ. ಇದರ ಒಂದು ತಳಿಯ ಹೆಸರೇ 'ಕ್ರೋಟೊನಿಫೋಲಿಯ'. ದೊಡ್ಡ ಮರದ ಕೆಳಗೆ, ಉತ್ತರದ ಗೋಡೆಯ ಮೂಲೆಯಲ್ಲಿ, ಕಸದ ಡಬ್ಬಿ ಇಡುವ ಸಂದಿಯಲ್ಲಿ, ಹುಲ್ಲೂ ಬಾರದ ಒಣ ನೆರಳಿನಲ್ಲಿ ಇದು ಬದುಕುತ್ತದೆ. ಬಿಸಿಲಿಗಿಟ್ಟರೆ ಮಾತ್ರ ಎಲೆ ಸುಟ್ಟು ಕಪ್ಪಾಗುತ್ತದೆ.

ಇದರ ಕೆಂಪು ಹಣ್ಣಿಗೆ ಒಂದು ಕತೆ ಇದೆ. 1783ರಲ್ಲಿ ಬ್ರಿಟನ್ನಿಗೆ ಬಂದದ್ದು ಹೆಣ್ಣು ಗಿಡ ಮಾತ್ರ. ಕಡ್ಡಿ ನೆಟ್ಟು ನೆಟ್ಟು ಅದನ್ನೇ ಊರೆಲ್ಲ ಹಬ್ಬಿಸಿದರು, ಹಣ್ಣು ಮಾತ್ರ ಯಾರೂ ನೋಡಲಿಲ್ಲ. ಚೀನಾದಿಂದ ಭಾರತಕ್ಕೆ ಚಹಾ ಗಿಡ ಸಾಗಿಸಿದ ರಾಬರ್ಟ್ ಫಾರ್ಚೂನ್ ಜಪಾನಿನಿಂದ ಗಂಡು ಗಿಡ ತಂದದ್ದು 1860ರ ದಶಕದ ಆರಂಭದಲ್ಲಿ. ಸುಮಾರು ಎಂಬತ್ತು ವರ್ಷ ಕಾದ ಮದುವೆ! ನಿಮಗೂ ಹಣ್ಣು ಬೇಕಿದ್ದರೆ ಹೆಣ್ಣು ಗಿಡದ ಜೊತೆ ಒಂದು ಗಂಡು ತನ್ನಿ. ಇಲ್ಲವೇ ಒಂದೇ ಗಿಡದಲ್ಲಿ ಹಣ್ಣಾಗುವ 'ರೋಝಾನಿ' ಕೇಳಿ. ಈ ಹಣ್ಣೂ ತಿನ್ನುವುದಕ್ಕಲ್ಲ.

ಲಾರಸ್ಟೈನಸ್. ವೈಬರ್ನಮ್ ಟೈನಸ್. ಇದನ್ನು ಚಳಿಗಾಲಕ್ಕಾಗಿಯೇ ನೆಡಬೇಕು. ನವೆಂಬರಿನಲ್ಲಿ ಎಲ್ಲ ಬೋಳಾದಾಗ ಇದು ನಸುಗೆಂಪು ಮೊಗ್ಗು ಬಿಚ್ಚತೊಡಗಿ ಏಪ್ರಿಲ್‌ವರೆಗೆ ಬಿಳಿ ಹೂ ಬಿಡುತ್ತದೆ. ಸಣ್ಣ ಹಿತ್ತಿಲಿಗೆ 'ಈವ್ ಪ್ರೈಸ್' ಸಾಕು.

ಸ್ಪರ್ಜ್ ಲಾರೆಲ್, ಅಂದರೆ ಡಾಫ್ನೆ ಲಾರಿಯೋಲ, ಬ್ರಿಟನ್ನಿನ ಕಾಡಿನದೇ ಗಿಡ. ಒಂದು ಮೀಟರ್ ಎತ್ತರ, ಹಸಿರು ಹೂ, ನೆರಳಿಗೆ ಸೂಕ್ತ. ವಿಷ ಜೋರು, ರಸ ಚರ್ಮಕ್ಕೂ ಉರಿ. ಕೈಗವಸು ಇಲ್ಲದೆ ಮುಟ್ಟಬೇಡಿ.

ಇನ್ನು ನ್ಯೂಜೆರ್ಸಿ, ಪೆನ್ಸಿಲ್ವೇನಿಯ, ಕನೆಟಿಕಟ್ ಕಡೆಯ ನಮ್ಮವರಿಗೆ ಅಲ್ಲಿನ ನೆಲದ್ದೇ ಮೌಂಟನ್ ಲಾರೆಲ್ ಇದೆ, ಕಾಲ್ಮಿಯ ಲ್ಯಾಟಿಫೋಲಿಯ. ಪೆನ್ಸಿಲ್ವೇನಿಯ, ಕನೆಟಿಕಟ್ ಎರಡಕ್ಕೂ ಇದೇ ರಾಜ್ಯದ ಹೂ. ಹೂವು ಪುಟ್ಟ ಬಟ್ಟಲಿನಂತೆ. ಕೇಸರಗಳು ಬಟ್ಟಲಿನ ಗುಳಿಗಳಲ್ಲಿ ಬಿಲ್ಲಿನಂತೆ ಬಾಗಿ ಸಿಕ್ಕಿಕೊಂಡಿರುತ್ತವೆ, ಜೇನುನೊಣ ಕೂತ ಕೂಡಲೇ ಚಿಮ್ಮಿ ಅದರ ಮೈಗೆ ಪರಾಗ ಎರಚುತ್ತವೆ. ಮಕ್ಕಳಿಗೆ ಕಡ್ಡಿಯಿಂದ ತಟ್ಟಿ ತೋರಿಸಬಹುದು. ಇದಕ್ಕೆ ಹುಳಿ ಮಣ್ಣೇ ಬೇಕು. ಅಜೇಲಿಯ ಚೆನ್ನಾಗಿ ಬರುವ ಕಡೆ ಇದೂ ಬರುತ್ತದೆ. ಎಲೆ, ಹೂ, ಅದರ ಜೇನು ಕೂಡ ವಿಷ. ಟೆಕ್ಸಾಸಿನ ಮೌಂಟನ್ ಲಾರೆಲ್ ಬೇರೆಯೇ ಗಿಡ: ನೇರಳೆ ಬಣ್ಣದ ಹೂಗೊಂಚಲು, ದ್ರಾಕ್ಷಿಯ ಪರಿಮಳ, ಗುಲಗಂಜಿಯಂತೆ ಕೆಂಪಾದ ಬೀಜ. ಆ ಬೀಜವೂ ಗುಲಗಂಜಿಯಂತೆಯೇ ವಿಷ.

4. ಕೊಳ್ಳುವುದು

ಚೀಟಿಯಲ್ಲಿ ಸಸ್ಯನಾಮ ಇಲ್ಲದ ಗಿಡ ಕೊಳ್ಳಬೇಡಿ. ಇಲ್ಲಿ ಗಿಡ ಮೂರು ರೀತಿಯಲ್ಲಿ ಸಿಗುತ್ತದೆ: ಕುಂಡದಲ್ಲಿ, ಗೋಣಿ ಸುತ್ತಿದ ಬೇರುಮುದ್ದೆಯಲ್ಲಿ, ಮಣ್ಣು ಉದುರಿಸಿದ ಬರಿಬೇರಿನಲ್ಲಿ. ಕೊನೆಯ ಎರಡು ನವೆಂಬರಿನಿಂದ ಮಾರ್ಚ್ ಒಳಗೆ ಮಾತ್ರ. ಉದ್ದ ಬೇಲಿಗೆ ಅವೇ ಅಗ್ಗ. ಕುಂಡದ ಗಿಡವಾದರೆ ಮೆಲ್ಲಗೆ ಎತ್ತಿ ಬೇರು ನೋಡಿ; ಬೇರು ಸುತ್ತಿ ಸುತ್ತಿ ಸಿಂಬೆಯಂತಾಗಿದ್ದರೆ ಬಿಟ್ಟುಬಿಡಿ.

ಎಷ್ಟು ಗಿಡ? ಚೆರಿ ಲಾರೆಲ್ಲಿಗೆ ಗಿಡದಿಂದ ಗಿಡಕ್ಕೆ 60ರಿಂದ 75 ಸೆಂಟಿಮೀಟರ್, ಪೋರ್ಚುಗೀಸ್‌ಗೂ ಬೇ ಲಾರೆಲ್ಲಿಗೂ 50ರಿಂದ 60. ಹತ್ತು ಮೀಟರ್ ಬೇಲಿಗೆ 60ರ ಅಂತರದಲ್ಲಿ 17 ಗಿಡ ಸಾಕು. ಬೇಗ ತುಂಬಲಿ ಅಂತ ಒತ್ತೊತ್ತಾಗಿ ನೆಟ್ಟರೆ ಒಂದಕ್ಕೊಂದು ಕಚ್ಚಾಡಿ, ಗಾಳಿಯಾಡದೆ ಕಾಯಿಲೆ ಬೀಳುತ್ತವೆ. ಎತ್ತರದ ಗಿಡಕ್ಕೆ ದುಡ್ಡು ಸುರಿಯುವುದೂ ಬೇಡ. 60 ಸೆಂಟಿಮೀಟರಿನ ಗಿಡ ಬೇಗ ಬೇರು ಬಿಟ್ಟುಕೊಂಡು, ಆಳೆತ್ತರ ತಂದು ನೆಟ್ಟದ್ದನ್ನು ಕೆಲವೇ ವರ್ಷದಲ್ಲಿ ಹಿಡಿಯುವುದನ್ನು ಕಣ್ಣಾರೆ ಕಂಡಿದ್ದೇನೆ.

5. ನೆಡುವುದು

ಅಕ್ಟೋಬರ್ ಒಳ್ಳೆಯ ತಿಂಗಳು. ಮಣ್ಣಿನಲ್ಲಿ ಇನ್ನೂ ಬೆಚ್ಚಗಿನ ಹದ ಇರುತ್ತದೆ, ಮಳೆಯೂ ಶುರುವಾಗಿರುತ್ತದೆ. ನೆಲ ಹೆಪ್ಪುಗಟ್ಟಿದ ದಿನ, ಕೆಸರಾಗಿ ಬೂಟು ಹೂತುಹೋಗುವ ದಿನ ನೆಡಬೇಡಿ.

ಹಿಂದಿನ ಸಂಜೆ ಕುಂಡಗಳಿಗೆ ಚೆನ್ನಾಗಿ ನೀರು ಹಾಕಿ. ಹಗ್ಗ ಕಟ್ಟಿ ಗೆರೆ ಎಳೆಯಿರಿ. ಕಣ್ಣಂದಾಜು ನಂಬಿದರೆ ಬೇಲಿ ಹಾವಿನಂತೆ ಹೋಗುತ್ತದೆ. ಒಂದೊಂದೇ ಗುಂಡಿಗಿಂತ ಉದ್ದಕ್ಕೆ ಚರಂಡಿ ತೋಡುವುದು ಸಲೀಸು. ಅಗಲ ಬೇರುಮುದ್ದೆಯ ಎರಡರಷ್ಟು ಇರಲಿ, ಆಳ ಬೇರುಮುದ್ದೆಯಷ್ಟೇ. ಬಾಳೆಕಂದು ನೆಡುವ ಹಾಗೆ ಆಳಕ್ಕಿಳಿಸಬೇಡಿ. ಕುಂಡದಲ್ಲಿ ಮಣ್ಣಿನ ಮಟ್ಟ ಎಲ್ಲಿತ್ತೋ ನೆಲದಲ್ಲೂ ಅಲ್ಲೇ ಇರಬೇಕು. ಕಾಂಡದ ಬುಡ ಮಣ್ಣಿನಲ್ಲಿ ಹೂತರೆ ಕೊಳೆಯುತ್ತದೆ.

ತಳದ ಮಣ್ಣನ್ನು ಮುಳ್ಳುಗುದ್ದಲಿಯಿಂದ ಚುಚ್ಚಿ ಸಡಿಲಿಸಿ. ಗುಂಡಿಯೊಳಕ್ಕೆ ಗೊಬ್ಬರ ಸುರಿಯುವ ಚಟ ನಮಗೆಲ್ಲ ಇದೆ, ಇಲ್ಲಿ ಬೇಡ. ಜೇಡಿ ನೆಲದ ನಡುವೆ ಮೆತ್ತನೆಯ ಗೊಬ್ಬರದ ಗುಂಡಿ ಮಾಡಿದರೆ ಅದು ಮಳೆಗಾಲದಲ್ಲಿ ನೀರಿನ ತೊಟ್ಟಿಯಾಗುತ್ತದೆ, ಬೇರೂ ಆ ಸುಖ ಬಿಟ್ಟು ಹೊರಗೆ ಹೋಗುವುದಿಲ್ಲ. ತೆಗೆದ ಮಣ್ಣನ್ನೇ ಪುಡಿ ಮಾಡಿ ತುಂಬಿ, ಕಾಲಿನಿಂದ ಹದವಾಗಿ ಒತ್ತಿ, ಗಿಡಕ್ಕೆ ಒಂದು ಕೊಡದಂತೆ ನೀರು ಹಾಕಿ. ಗೊಬ್ಬರ ಮೇಲಿನಿಂದ: ಕೊಳೆತ ಎಲೆಗೊಬ್ಬರವೋ ಮರದ ಚಕ್ಕೆಯೋ 5ರಿಂದ 7 ಸೆಂಟಿಮೀಟರ್ ದಪ್ಪಕ್ಕೆ ಹಾಸಿ. ತೋಟಕ್ಕೆ ದರಗು ಹಾಸಿ ಗೊತ್ತಿದ್ದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕಾಂಡದ ಸುತ್ತ ಒಂದು ಬೊಗಸೆಯಷ್ಟು ಜಾಗ ಖಾಲಿ ಬಿಡಿ.

ಮೊದಲ ಎರಡು ಬೇಸಿಗೆ ನೀರು ತಪ್ಪಿಸಬೇಡಿ. ದಿನಾ ಚಿಮುಕಿಸುವುದಲ್ಲ, ವಾರಕ್ಕೊಂದೆರಡು ಸಲ ಬೇರಿಗೆ ಇಳಿಯುವಷ್ಟು. ಇಲ್ಲಿನ ತುಂತುರು ಮಳೆ ಮೋಸಗಾತಿ. ಎಲೆ ನೆನೆದಿರುತ್ತದೆ, ಎರಡು ಬೆರಳು ಆಳದಲ್ಲಿ ಮಣ್ಣು ಪುಡಿಪುಡಿಯಾಗಿರುತ್ತದೆ. ಬೆರಳಿಟ್ಟು ನೋಡಿ.

6. ಸವರುವುದು

ದೊಡ್ಡ ಎಲೆಯ ಚೆರಿ ಲಾರೆಲ್ಲಿಗೆ ಕರೆಂಟಿನ ಕತ್ತರಿ ಹಿಡಿದರೆ ಎಲೆಗಳೆಲ್ಲ ಅರ್ಧರ್ಧ ತುಂಡಾಗಿ, ವಾರದೊಳಗೆ ಅಂಚು ಕಂದಿ, ಬೇಲಿ ದನ ಮೇದ ಹಾಗೆ ಕಾಣುತ್ತದೆ. ಕೈಗತ್ತರಿಯಿಂದ ಒಂದೊಂದೇ ರೆಂಬೆಯನ್ನು ಎಲೆಯ ಬುಡಕ್ಕೆ ಸರಿಯಾಗಿ ಕತ್ತರಿಸಿ. ಹೊತ್ತು ಹಿಡಿಯುತ್ತದೆ, ರೇಡಿಯೋ ಹಾಕಿಕೊಳ್ಳಿ. ಬೇಲಿ ತುಂಬ ಉದ್ದವಿದ್ದು ಯಂತ್ರವೇ ಗತಿಯಾದರೆ, ಕೊನೆಗೊಮ್ಮೆ ತುಂಡೆಲೆಗಳನ್ನು ಕೈಯಿಂದ ತೆಗೆಯಿರಿ.

ಚೆರಿ, ಪೋರ್ಚುಗೀಸ್, ಬೇ ಮೂರಕ್ಕೂ ಬೇಸಿಗೆ ಸರಿಯಾದ ಕಾಲ. ಆದರೆ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಹಕ್ಕಿಗಳು ಗೂಡು ಕಟ್ಟುತ್ತವೆ. ಬಳಕೆಯಲ್ಲಿರುವ ಗೂಡನ್ನು ಕೆಡವುವುದು 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಕತ್ತರಿ ಹಾಕುವ ಮುಂಚೆ ಒಳಗೆ ಇಣುಕಿ. ಗೂಡಿದ್ದರೆ ಆಗಸ್ಟ್ ಕಳೆಯಲಿ. ಲಾರಸ್ಟೈನಸ್‌ಗೆ ಹೂ ಮುಗಿದ ಮೇಲೆ, ಮೇ ಹೊತ್ತಿಗೆ. ಮಚ್ಚೆ ಲಾರೆಲ್ಲಿಗೆ ಹಣ್ಣು ಉದುರಿದ ಮೇಲೆ ವಸಂತದಲ್ಲಿ, ಅದೂ ಬೇಕಿದ್ದರೆ. ಮೌಂಟನ್ ಲಾರೆಲ್ಲಿಗೆ ಬಾಡಿದ ಹೂ ತೆಗೆದರೆ ಸಾಕು.

ಆಕಾರ ಹುಲ್ಲಿನ ಬಣವೆಯಂತಿರಲಿ, ಬುಡ ಅಗಲ, ಮೇಲೆ ಕಿರಿದು. ತಲೆ ಅಗಲವಾದರೆ ಕೆಳಗಿನ ಎಲೆಗೆ ಬೆಳಕಿಲ್ಲದೆ ಬುಡ ಬೋಳಾಗುತ್ತದೆ. ಹಾಗೆ ಬೋಳಾದ ಹಳೆಯ ಚೆರಿ ಲಾರೆಲ್ ಬೇಲಿ ಸಿಕ್ಕಿದರೆ ಕಿತ್ತೆಸೆಯಬೇಡಿ. ಹಳೆಯ ಕಾಫಿ ಗಿಡವನ್ನು ಬುಡಕ್ಕೆ ಕಡಿದು ಹೊಸ ಚಿಗುರು ಬರಿಸುವುದಿಲ್ಲವೇ, ಇದೂ ಹಾಗೆಯೇ. ಫೆಬ್ರವರಿ ಕೊನೆಯೊಳಗೆ ಮೊಣಕಾಲಿನ ಕೆಳಗೆ ಕಡಿದರೂ ದಪ್ಪ ಕಟ್ಟಿಗೆಯಿಂದಲೇ ಚಿಗುರುತ್ತದೆ.

ಕತ್ತರಿಸಿದ್ದನ್ನು ಏನು ಮಾಡುವುದು? ಕೌನ್ಸಿಲ್ ಕೊಡುವ ಹಸಿರು ಕಸದ ಡಬ್ಬಿಗೆ ಹಾಕಿ. ಕಾರಿನಲ್ಲಿ ಸಾಗಿಸುವುದಾದರೆ ಕಿಟಕಿ ತೆರೆದಿಡಿ. ಪುಡಿ ಮಾಡುವ ಯಂತ್ರಕ್ಕೆ ಹಾಕುವುದಾದರೆ ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಗ್ಯಾರೇಜಿನೊಳಗೆ ಅಲ್ಲ. ಸುಡಬೇಡಿ. ಪಕ್ಕದ ಹೊಲದಲ್ಲಿ ಕುರಿ, ಕುದುರೆ, ಮೇಕೆ ಇದ್ದರೆ ಬೇಲಿಯಾಚೆ ಎಸೆಯಲೇಬೇಡಿ.

7. ಎಲೆಯಲ್ಲಿ ತೂತು, ಸುರುಳಿ, ಹಳದಿ

ಚೆರಿ ಲಾರೆಲ್ ಎಲೆಯಲ್ಲಿ ಛರ್ರೆ ಗುಂಡು ಹೊಡೆದಂತೆ ಸಣ್ಣ ಸಣ್ಣ ತೂತು ಕಂಡರೆ ಅದು ಹುಳು ತಿಂದದ್ದೇ ಆಗಿರಬೇಕಿಲ್ಲ. ಬ್ಯಾಕ್ಟೀರಿಯವೋ ಶಿಲೀಂಧ್ರವೋ ಎಲೆಯಲ್ಲಿ ಕಂದು ಚುಕ್ಕಿ ಮಾಡಿ, ಆ ಚುಕ್ಕಿ ಒಣಗಿ ಉದುರಿರುತ್ತದೆ. ಬಿಳಿ ಬೂದಿರೋಗವೂ ಎಳೆಯೆಲೆಗೆ ಬರುತ್ತದೆ. ಎರಡಕ್ಕೂ ಔಷಧಿಗಿಂತ ಗಾಳಿ ಮದ್ದು: ಒಳಗಿನ ರೆಂಬೆ ತೆಳು ಮಾಡಿ, ನೀರನ್ನು ಎಲೆ ಮೇಲೆ ಸುರಿಯದೆ ಬುಡಕ್ಕೆ ಹಾಕಿ, ಉದುರಿದ ಎಲೆ ಗುಡಿಸಿ. ಲಾರಸ್ಟೈನಸ್ ಎಲೆ ಜರಡಿಯಂತಾಗಿದ್ದರೆ ಮಾತ್ರ ಅದು ನಿಜಕ್ಕೂ ಹುಳು, ವೈಬರ್ನಮ್ ಜೀರುಂಡೆಯ ಮರಿ. ಬೇ ಎಲೆಯ ಅಂಚು ದಪ್ಪವಾಗಿ ಹಳದಿಗಟ್ಟಿ ಒಳಕ್ಕೆ ಸುರುಳಿಯಾಗಿದ್ದರೆ, ಬಿಡಿಸಿ ನೋಡಿ: ಬಿಳಿ ಮೇಣದ ನೂಲು ಮೆತ್ತಿಕೊಂಡ ಪುಟ್ಟ ರಸ ಹೀರುವ ಕೀಟಗಳು. ಆ ಎಲೆಗಳನ್ನು ಕಿತ್ತು ಹಾಕಿ. ಅಡುಗೆಗೆ ಬಳಸುವ ಗಿಡಕ್ಕೆ ಕೀಟನಾಶಕ ಹೊಡೆಯುವ ಯೋಚನೆ ಬೇಡ.

8. ಅಡುಗೆಮನೆ ಬಾಗಿಲ ಬೇ

ತಂಗಿಗೆ ನಾನು ಹೇಳಿದ್ದು ಇಷ್ಟು: ಬೇಲಿ ಬೇಲಿಯಾಗಿಯೇ ಇರಲಿ, ಅಡುಗೆಗೆ ಒಂದು ಬೇ ಗಿಡವನ್ನು ಕುಂಡದಲ್ಲಿ ಹಾಕಿಕೋ. ಎರಡನ್ನೂ ಅಕ್ಕಪಕ್ಕ ಮಾತ್ರ ಇಡಬೇಡ. ಕತ್ತಲಲ್ಲಿ ಕೈ ಚಾಚುವವರು ಯಾರೋ ಏನೋ.

30 ಸೆಂಟಿಮೀಟರ್ ಅಗಲದ ಭಾರದ ಮಣ್ಣಿನ ಕುಂಡ ಒಳ್ಳೆಯದು, ಗಾಳಿಗೆ ಉರುಳುವುದಿಲ್ಲ. ಮಣ್ಣು ಬೆರೆತ ಕುಂಡಗೊಬ್ಬರಕ್ಕೆ ಒಂದು ಪಾಲು ದಪ್ಪ ಮರಳು ಬೆರೆಸಿ. ಬೇಸಿಗೆಯಲ್ಲಿ ಮೇಲ್ಮಣ್ಣು ಒಣಗಿದಾಗ ನೀರು, ಎರಡು ವಾರಕ್ಕೊಮ್ಮೆ ದ್ರವಗೊಬ್ಬರ, ಎರಡು ವರ್ಷಕ್ಕೊಮ್ಮೆ ಒಂದಳತೆ ದೊಡ್ಡ ಕುಂಡ.

ನನ್ನ ಮೊದಲ ಬೇ ಗಿಡ ಸತ್ತದ್ದು ಚಳಿಗೆ. ನೆಲದಲ್ಲಿ ಬೇರೂರಿದ್ದರೆ ತಡೆದುಕೊಳ್ಳುತ್ತಿದ್ದ ಗಿಡ, ಕುಂಡದಲ್ಲಿ ಸುತ್ತಲಿಂದ ಹೆಪ್ಪುಗಟ್ಟಿ ಬೇರೇ ಸತ್ತುಹೋಯಿತು. ಈಗ ನವೆಂಬರ್ ಬಂದ ಕೂಡಲೇ ಕುಂಡವನ್ನು ದಕ್ಷಿಣದ ಗೋಡೆಗೆ ಆನಿಸಿ, ಗೋಣಿಚೀಲವೋ ಗುಳ್ಳೆ ಪ್ಲಾಸ್ಟಿಕ್ಕೋ ಸುತ್ತಿ, ಕುಂಡದ ಕೆಳಗೆ ಎರಡು ಇಟ್ಟಿಗೆ ಕೊಡುತ್ತೇನೆ. ನೀರು ಬಸಿದುಹೋಗಬೇಕು. ಉಷ್ಣಾಂಶ ಸೊನ್ನೆಗಿಂತ ಐದು ಡಿಗ್ರಿ ಕೆಳಗಿಳಿಯುವ ಸೂಚನೆ ಬಂದರೆ ರಾತ್ರಿ ಮಟ್ಟಿಗೆ ಶೆಡ್ಡಿನೊಳಗೆ. ಒಂದು ವೇಳೆ ಎಲೆಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದರೂ ಆತುರಪಡಬೇಡಿ. ಉಗುರಿನಿಂದ ಕಾಂಡ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೂನ್ ತನಕ ಕಾಯಿರಿ, ಬುಡದಿಂದ ಚಿಗುರಬಹುದು.

ಎಲೆಯನ್ನು ವರ್ಷದ ಯಾವ ದಿನ ಬೇಕಾದರೂ ಕೀಳಬಹುದು. ಎಳೆಯದು ಬೇಡ, ಬಲಿತು ಗಟ್ಟಿಯಾದದ್ದು. ಹಸಿ ಎಲೆಗೆ ಸ್ವಲ್ಪ ಕಹಿ ಇರುತ್ತದೆ. ಕಾಗದದ ಮೇಲೆ ಹರಡಿ ನೆರಳಿನಲ್ಲಿ ಒಂದೆರಡು ವಾರ ಒಣಗಿಸಿ ಡಬ್ಬಿಗೆ ತುಂಬಿದರೆ ಕಹಿ ಇಳಿದು ಘಮ ಉಳಿಯುತ್ತದೆ. ನಾಲ್ಕು ಜನರ ಪಲಾವಿಗೆ ಎರಡು ಎಲೆ ಹಾಕಿ, ಬಡಿಸುವ ಮುಂಚೆ ಎಣಿಸಿ ಎರಡನ್ನೂ ಹೊರಗೆ ತೆಗೆಯಿರಿ.